ಮುನ್ನಿಯ ಮನಸ್ಸಿನಲ್ಲಿ ಜಾಲಿಕಾಯಿ

ರಾಯಚೂರು
12 ಜನವರಿ 2025

ಪೂಜ್ಯ ಗುರುಗಳಿಗೆ,

ದೇವದುರ್ಗದ ಶಾಲೆಯಲ್ಲಿ ನಿಮ್ಮ ಹತ್ತಿರ ಕನ್ನಡ ಕಲಿತ, ಹಂಪಯ್ಯನ ಮಗಳು ಮೌನೇಶ್ವರಿಯ ನಮಸ್ಕಾರಗಳು.

ಮೊನ್ನೆ ನಿಮಗೆ ಫೋನ್ ಮಾಡಿದ್ದೆ. "ನಾನ್ರೀ ಸರ್, ಮೌನೇಶ್ವರಿ ಮಾತಾಡಾಕತ್ತೀನಿ" ಎಂದು ನಾಲ್ಕು ಸಲ ಕೂಗಿದೆ. ನೀವು ನಾಲ್ಕು ಸಲವೂ "ಸಿಲಿಂಡರ್ ನಿನ್ನೆನೇ ಬಂತಪ್ಪಾ" ಎಂದು ಹೇಳಿ ಫೋನ್ ಇಟ್ಟಿರಿ. ಅದಕ್ಕೇ ಈ ಪತ್ರ.

ನಾನೀಗ ಇಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ತತ್ವಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೇನೆ. ವಿಷಯ ಪ್ರಾಣಿಗಳ ಮನಸ್ಸು. ಕಣ್ಣ ಮುಂದೆ ಇಲ್ಲದ ವಸ್ತು ಪ್ರಾಣಿಯ ಮನಸ್ಸಿನೊಳಗೆ ಇರಬಲ್ಲದೇ ಎಂಬುದು ನನ್ನ ಪ್ರಶ್ನೆ. ಸಂಜೆ ಆಕಳು ತಾನಾಗಿ ಮನೆ ಕಡೆ ನಡೆಯುತ್ತದೆ. ಅದರೊಳಗೆ ಮನೆಯ ಚಿತ್ರವೊಂದು ಇದೆಯೋ, ಇಲ್ಲ ಕಾಲಿಗೆ ಬರೀ ರೂಢಿಯೋ? ಅಪ್ಪನಿಗೆ ಇದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಇದಕ್ಕ ಪಗಾರ ಕೊಡ್ತಾರೇನ ಬೇ?" ಎಂದರು.

ತೀನ್ ಕಂದೀಲ್ ಹತ್ತಿರ ಮೂರನೆಯ ಅಂತಸ್ತಿನಲ್ಲಿ ನಮ್ಮ ಮನೆ. ಪಾರಿವಾಳ ಬಿಟ್ಟರೆ ಬೇರೆ ಪ್ರಾಣಿ ಕಾಣುವುದಿಲ್ಲ. ನಿಮ್ಮ ಅಂಗಳದಲ್ಲಿ ಯಾವಾಗಲೂ ಆಡು ಇರುತ್ತಿದ್ದವು. ಈಗಲೂ ಇದ್ದರೆ, ಅವು ಮಾಡುವ ವಿಚಿತ್ರವೇನಾದರೂ ಬರೆದು ತಿಳಿಸುತ್ತೀರಾ? ಅಧ್ಯಯನ ಚೆನ್ನಾಗಿ ಸಾಗಿದೆ, ಚಿಂತೆ ಇಲ್ಲ.

ಲತೀಫಾ ಚಾಚಿಯನ್ನು ಕೇಳಿದೆನೆಂದು ಹೇಳಿ. ಅವರ ಮಾತು ಕೇಳಿದರೇ ನನಗೆ ಹೊಟ್ಟೆ ತುಂಬುತ್ತಿತ್ತು.

ನಿಮ್ಮ ವಿದ್ಯಾರ್ಥಿನಿ,
ಮೌನೇಶ್ವರಿ


ದೇವದುರ್ಗ
24 ಜನವರಿ 2025

ಚಿ. ಮೌನೇಶ್ವರಿಗೆ, ಅಮೀರ್ ಸಾಬ್ ಮಾಸ್ತರನ ಆಶೀರ್ವಾದಗಳು.

ನಿನ್ನನ್ನು ಗ್ಯಾಸಿನವನೆಂದು ತಿಳಿದೆ, ಕ್ಷಮಿಸು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯ ಯಂತ್ರ ತನಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ನಮ್ಮಿಬ್ಬರಿಗೂ ಪತ್ರವೇ ಒಳ್ಳೆಯದು. 'ಪ್ರಾಣಿ' ಎಂದು ಸರಿಯಾಗಿ ಬರೆದಿದ್ದೀ. ಐದನೇ ಇಯತ್ತೆಯಲ್ಲಿ 'ಪ್ರಾನಿ' ಎಂದು ಬರೆದು ನನ್ನ ಶಿಕ್ಷೆಗೆ ಐವತ್ತು ಸಲ ತಿದ್ದಿ ಬರೆದ ಹುಡುಗಿ ಈಗ ಅವುಗಳ ಮನಸ್ಸನ್ನೇ ಓದಲು ಹೊರಟಿದ್ದಾಳೆ. ನನಗೆ ಬಹಳ ಸಂತೋಷ.

ಈಗ ನಮ್ಮಲ್ಲಿ ಒಂದೇ ಆಡು ಇದೆ. ಹೆಸರು ಮುನ್ನಿ. ಕೃಷ್ಣಾ ದಂಡೆಯ ಗೂಗಲ್ ಊರಿನಿಂದ ತಂದದ್ದು. ಕಪ್ಪು ಮೈ, ಒಂದು ಕಿವಿ ಬಿಳಿ. ದೀಪಾವಳಿ ಹೊತ್ತಿಗೆ ಅದರ ಮರಿಯನ್ನು ಗಿಲ್ಲೆಸುಗೂರಿನ ಬೀಗರಿಗೆ ಕೊಟ್ಟೆವು. ಆ ಮರಿ ಅಂಗಳದ ತಗಡಿನ ಹಿಂದೆ ಮಲಗುತ್ತಿತ್ತು. ಅದು ಹೋಗಿ ಮೂರು ತಿಂಗಳಾಯಿತು. ತಗಡು ತೊಳೆದಿದ್ದೇವೆ, ಗೋಡೆಗೆ ಸುಣ್ಣ ಹಚ್ಚಿದ್ದೇವೆ, ಇನ್ನು ವಾಸನೆ ಎಲ್ಲಿಯದು? ಆದರೂ ದಿನಾ ಸಂಜೆ ಮಲಗುವ ಮೊದಲು ಮುನ್ನಿ ಅಲ್ಲಿಗೆ ಹೋಗಿ ಇಣುಕುತ್ತಾಳೆ. ನೋಡಿ, ತಿರುಗಿ ಬಂದು ಮಲಗುತ್ತಾಳೆ. ಇಲ್ಲ ಎಂದು ತಿಳಿಯಬೇಕಾದರೆ ಏನು ಇರಬೇಕಿತ್ತೆಂದು ಗೊತ್ತಿರಬೇಕಲ್ಲವೇ? ನಾನು ಕನ್ನಡ ಮಾಸ್ತರ. ತರ್ಕ ನಿನಗೇ ಬಿಟ್ಟದ್ದು.

ಮನೆಯಲ್ಲಿ ಸೌಖ್ಯ. ನಿನ್ನ ಚಾಚಿ ಈಗ ಮೊದಲಿನಂತೆ ನನ್ನೊಡನೆ ಜಗಳ ಆಡುವುದಿಲ್ಲ.

ಅಮೀರ್ ಸಾಬ್


ರಾಯಚೂರು
3 ಫೆಬ್ರವರಿ 2025

ಪೂಜ್ಯ ಗುರುಗಳಿಗೆ,

ಗೂಗಲ್ಲಿನ ಆಡೆಂದರೆ ಅದಕ್ಕೆ ಎಲ್ಲವೂ ಗೊತ್ತಿರಲೇಬೇಕು! ನಿಮ್ಮ ಪತ್ರವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಅಪ್ಪ ನಿಮಗೆ ಜೈಭೀಮ್ ಹೇಳಿದ್ದಾರೆ. ಚಾಚಿ ಜಗಳ ಬಿಟ್ಟದ್ದು ಕೇಳಿ ನಗು ಬಂತು. ಕೊನೆಗೂ ನೀವೇ ಗೆದ್ದಿರೆನ್ನಿ.

ಆದರೆ ಗುರುಗಳೇ, ತಗಡಿನ ಹಿಂದೆ ಇಣುಕುವುದು ರೂಢಿಯೂ ಆಗಿರಬಹುದು. ನಾವು ದೀಪ ಆರಿಸಿದ ಮೇಲೂ ಗುಂಡಿ ಮುಟ್ಟಿ ನೋಡುವುದಿಲ್ಲವೇ, ಹಾಗೆ. ಅದಕ್ಕೊಂದು ಪರೀಕ್ಷೆ ಮಾಡೋಣ. ಎರಡು ಬುಟ್ಟಿ ತೊಗೊಳ್ಳಿ. ಮುನ್ನಿ ನೋಡುತ್ತಿರುವಾಗ ಒಂದರಡಿ ಆಡಿಗೆ ಪ್ರಾಣವಾದ ಜಾಲಿಕಾಯಿ ಇಡಿ. ಆಮೇಲೆ ಅದಕ್ಕೆ ಕಾಣದಂತೆ ಜಾಲಿಕಾಯಿ ತೆಗೆದು ಅಲ್ಲಿ ತೊಗರಿ ಹೊಟ್ಟು ಇಡಿ. ಎರಡೂ ಬುಟ್ಟಿಗೆ ಮೊದಲೇ ಜಾಲಿಕಾಯಿ ತಿಕ್ಕಿರಿ, ವಾಸನೆಯಿಂದ ಗೊತ್ತಾಗಬಾರದು. ಬುಟ್ಟಿ ಎತ್ತಿದಾಗ ಹೊಟ್ಟು ಕಂಡು ಸುಮ್ಮನೆ ತಿಂದರೆ, 'ಅಲ್ಲಿ ತಿನ್ನುವುದಿದೆ' ಎಂಬುದಷ್ಟೇ ಅದರ ತಲೆಯಲ್ಲಿದೆ. ತಿನ್ನದೆ ಹುಡುಕಿದರೆ ಒಳಗೆ ಜಾಲಿಕಾಯಿಯೇ ಇತ್ತು ಎಂದ ಹಾಗಾಯಿತು.

ಮೌನೇಶ್ವರಿ


ದೇವದುರ್ಗ
22 ಫೆಬ್ರವರಿ 2025

ಚಿ. ಮೌನೇಶ್ವರಿಗೆ ಆಶೀರ್ವಾದಗಳು.

ಪರೀಕ್ಷೆ ಮುಗಿಸಿದೆ. ನನಗೊಬ್ಬರು ಸಹಾಯಕರು ಸಿಕ್ಕಿದ್ದಾರೆ. ಮಾತು ಕಡಿಮೆ, ಎಡಗೈ ಬಲು ಚುರುಕು. ನಾನು ಮುನ್ನಿಯ ಎದುರಿಗೆ ಚಾದರ ಹಿಡಿದು ನಿಲ್ಲುವುದು, ಅವರು ಹಿಂದಿನಿಂದ ಬದಲಾಯಿಸುವುದು. ಪಕ್ಕದ ಮನೆಯ ಆಂಜನೇಯ ಗೋಡೆ ಮೇಲಿಂದ ನೋಡಿ, "ಮಾಸ್ತರ್ರೀ, ಆಡಿಗೆ ಜಾದೂ ತೋರ್ಸಾಕತ್ತೀರೇನ್ರೀ?" ಎಂದು ಕೇಳಿದ.

ಮೊದಲ ದಿನದ ಸಂಗತಿ ಕೇಳು. ಮುನ್ನಿ ಮೂಗಿನಿಂದ ಬುಟ್ಟಿ ಎತ್ತಿದಳು. ಕಂಡದ್ದು ತೊಗರಿ ಹೊಟ್ಟು. ದಿನಾ ಬಾಯಿ ತುಂಬ ತಿನ್ನುವ ಅದೇ ಹೊಟ್ಟು! ಮುಟ್ಟಲಿಲ್ಲ. ಬುಟ್ಟಿಯ ಒಳಗೆ ನೋಡಿದಳು, ನೆಲ ಕೆರೆದಳು, ಇನ್ನೊಂದು ಬುಟ್ಟಿ ಬೀಳಿಸಿದಳು. ಕೊನೆಗೆ ನೇರವಾಗಿ ನನ್ನ ಹತ್ತಿರ ಬಂದು ಅಂಗಿಯ ಜೇಬಿಗೆ ಮೂತಿ ಹಾಕಿದಳು. ಮಾಸ್ತರನೇ ಕಳ್ಳ ಎಂದು ತೀರ್ಮಾನಿಸಿದ್ದಳು. ಸಹಾಯಕರು ನಕ್ಕರು ನೋಡು, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ಅವರು ಹಾಗೆ ನಕ್ಕು ಬಹಳ ದಿನವಾಗಿತ್ತು.

ಹನ್ನೊಂದು ದಿನದಲ್ಲಿ ಎಂಟು ದಿನ ಹೀಗೆಯೇ ಹುಡುಕಿದಳು. ಎರಡು ದಿನ ಬುಟ್ಟಿಯನ್ನೇ ತಿಂದಳು. ಒಂದು ದಿನ ನಾನು ಬರೆದಿಟ್ಟ ಕಾಗದ ತಿಂದಳು. ಇವು ಬಿಟ್ಟು, ಮೊದಲಿನಿಂದ ಹೊಟ್ಟನ್ನೇ ತೋರಿಸಿ ಇಟ್ಟ ಒಂದು ದಿನ ಮಾತ್ರ ತಕರಾರಿಲ್ಲದೆ ಹೊಟ್ಟು ತಿಂದಳು. ಹತ್ತನೇ ತಾರೀಖು ಅವಳನ್ನು ಆಂಜನೇಯನ ಹೋತದ ಹತ್ತಿರ ಬಿಟ್ಟಿದ್ದೆವು. ಆ ದಿನ ಪರೀಕ್ಷೆಗೆ ರಜೆ.

ಮೌನೇಶ್ವರಿ, ಇನ್ನೊಂದು ಮಾತು. ನೀನು ಓದಿದವಳು. ಬಾಯಲ್ಲಿ ಮಾತಿಲ್ಲದ ಜೀವದೊಳಗೆ ವಿಚಾರ ಇರುತ್ತದೆಯೋ ಇಲ್ಲವೋ? ಹೌದು ಅಥವಾ ಇಲ್ಲ, ಎರಡರಲ್ಲೊಂದು ಬರೆ. ನನಗೆ ಇದು ತಿಳಿಯಬೇಕಾಗಿದೆ.

ಅಮೀರ್ ಸಾಬ್


ರಾಯಚೂರು
6 ಮಾರ್ಚ್ 2025

ಪೂಜ್ಯ ಗುರುಗಳಿಗೆ,

ನೀವು ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ.

ವಿಚಾರವೆಂದರೆ ಬರೀ ಚಿತ್ರವಲ್ಲ. ಇದು ಸರಿ, ಇದು ತಪ್ಪು ಎಂದು ಹೇಳಬಲ್ಲ ವಾಕ್ಯ ಇರಬೇಕು. ವಾಕ್ಯಕ್ಕೆ ಭಾಷೆ ಬೇಕು. ಭಾಷೆ ಇಲ್ಲದ ಕಡೆ ವಿಚಾರವಿದೆ ಎನ್ನುವುದು ನಮ್ಮ ಪ್ರೀತಿ ಕಟ್ಟಿದ ಕಥೆ. ಮಾತಿಲ್ಲದ ಜೀವದ ಮುಖದಲ್ಲಿ ನಾವು ಓದುವುದು ನಮ್ಮದೇ ಮನಸ್ಸನ್ನು. ಆಡಿನ ಕಥೆಗಳು ಮನೆಯಲ್ಲಿ ಹೇಳಿಕೊಳ್ಳಲು ಚೆಂದ, ತತ್ವಶಾಸ್ತ್ರಕ್ಕೆ ಅವು ಆಧಾರವಾಗುವುದಿಲ್ಲ.

ಇದಕ್ಕೆ ನೀವು ಏನು ಹೇಳುತ್ತೀರಿ? ಬೇಗ ಬರೆಯಿರಿ.

ಮೌನೇಶ್ವರಿ


ರಾಯಚೂರು
20 ಏಪ್ರಿಲ್ 2025

ಪೂಜ್ಯ ಗುರುಗಳಿಗೆ,

ಒಂದೂವರೆ ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಮುನ್ನಿಯನ್ನು ಹಗುರ ಮಾಡಿ ಬರೆದೆನೆಂದು ಬೇಸರವಾಯಿತೇ? ಅಷ್ಟು ಪ್ರೀತಿಯಿಂದ ಹನ್ನೊಂದು ದಿನ ಚಾದರ ಹಿಡಿದು ನಿಂತಿರಿ. ನಾನು ಅದನ್ನು ಕಥೆ ಎಂದುಬಿಟ್ಟೆ. ನಿಮ್ಮ ಸಹಾಯಕರಿಗೂ ಬೇಸರವಾಗಿರಬೇಕು. ನಿವೃತ್ತ ಹೆಡ್‌ಮಾಸ್ತರರು ಯಾರೋ ಇರಬೇಕೆಂದು ನನ್ನ ಊಹೆ. ಅವರಲ್ಲಿಯೂ ನನ್ನ ಪರವಾಗಿ ಕ್ಷಮೆ ಕೇಳಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಎರಡು ಸಾಲು ಬರೆದರೂ ಸಾಕು.

ಮೌನೇಶ್ವರಿ


ದೇವದುರ್ಗ
14 ಜುಲೈ 2025

ಚಿ. ಮೌನೇಶ್ವರಿಗೆ ಆಶೀರ್ವಾದಗಳು.

ನಿನ್ನ ಏಪ್ರಿಲ್ ಪತ್ರ ಬಾಗಿಲ ಸಂದಿಯಲ್ಲಿ ಬಿದ್ದಿತ್ತು, ಊರಿಗೆ ಮರಳಿದ ಮೇಲೆ ಓದಿದೆ. ನಾವು ಮಾರ್ಚ್ ಕೊನೆಯಿಂದ ಮಾನ್ವಿಯಲ್ಲಿ, ಮಗಳು ತಹಮೀನಾಳ ಮನೆಯಲ್ಲಿದ್ದೆವು. ಆದರೆ ಅದಕ್ಕೂ ಮೊದಲೇ ನಾನು ನಿನ್ನ ಮಾರ್ಚ್ ಪತ್ರಕ್ಕೆ ಉತ್ತರ ಬರೆಯಬಹುದಿತ್ತು. ಬರೆಯಲಿಲ್ಲ. ಸಿಟ್ಟು ಬಂದಿತ್ತು. ಮುನ್ನಿಯ ಸಲುವಾಗಿ ಅಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ನಿನ್ನ ಚಾಚಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ, ನಮ್ಮ ದಖನಿ ಉರ್ದುವಿನ 'ನಕ್ಕೋ', ಬೇಡ ಎಂಬುದು. ಬೇಡವಾದರೂ ನಕ್ಕೋ, ಬೇಕಾದರೂ ನಕ್ಕೋ. ಚಹಾ ಮುಂದಿಟ್ಟರೆ ನಕ್ಕೋ ಎಂದು ಹೇಳಿ ಕುಡಿದುಬಿಡುತ್ತಾಳೆ. ನನ್ನ ಸಹಾಯಕರು ಯಾವ ಹೆಡ್‌ಮಾಸ್ತರರೂ ಅಲ್ಲ, ಅವಳೇ. ಆರು ತಿಂಗಳಾದ ಮೇಲೆ ಮೊದಲ ಸಲ ನಕ್ಕದ್ದು ಮುನ್ನಿ ನನ್ನ ಜೇಬಿಗೆ ಮೂತಿ ಹಾಕಿದಾಗ. ಆ ನಗುವಿನ ಬಲದ ಮೇಲೆ ನಾನು ನಿನ್ನನ್ನು ಕೇಳಿದೆ. ನೀನು 'ಇಲ್ಲ' ಎಂದು ಬರೆದೆ. ನಿನಗೆ ಗೊತ್ತಿರಲಿಲ್ಲ, ತಪ್ಪು ನನ್ನದೇ. ನಿನ್ನ ನೆನಪಿನಲ್ಲಾದರೂ ಅವಳು ಹಳೆಯ ಮಾತುಗಾತಿಯಾಗಿಯೇ ಇರಲಿ ಎಂದು ಮುಚ್ಚಿಟ್ಟಿದ್ದೆ.

ಈಗ ಮಾನ್ವಿಯ ಕಥೆ ಕೇಳು. ಅಲ್ಲಿ ಕೈಗೆ ವ್ಯಾಯಾಮ ಮಾಡಿಸುವವರಿದ್ದಾರೆಂದು ಹೋದೆವು. ಮುನ್ನಿಯನ್ನು ಆಂಜನೇಯನ ಕೊಟ್ಟಿಗೆಯಲ್ಲಿ ಬಿಟ್ಟೆವು. ಮಾನ್ವಿಯಲ್ಲಿ ಲತೀಫಾ ದಿನಾ ಮುಂಜಾನೆ ಒಂದು ಹುಣಸೆ ಬೀಜ ತೆಗೆದು ಡಬ್ಬಿಗೆ ಹಾಕುವಳು. ತಹಮೀನಾ, "ಅಬ್ಬಾ, ಅಮ್ಮಿ ಸಣ್ಣ ಹುಡುಗ್ಯಾರಂಗ ಆಟ ಆಡಾಕತ್ತಾಳ" ಎಂದು ಕಣ್ಣೊರೆಸಿಕೊಂಡಳು. ನಾನೂ ಹಾಗೆಯೇ ತಿಳಿದೆ. ಜುಲೈ ಹುಟ್ಟಿದ ಮೇಲೆ ಬಾಗಿಲ ಕಡೆ ಕೈ ತೋರಿಸಿ ನಕ್ಕೋ, ನಕ್ಕೋ ಎಂದು ಗಲಾಟೆ ಶುರುವಾಯಿತು. ನೀರು ಕೊಟ್ಟೆವು, ಗುಳಿಗೆ ಕೊಟ್ಟೆವು, ಪಂಖ ಹಾಕಿದೆವು. ನಮ್ಮನ್ನು ನೋಡಿ ಹಣೆ ಚಚ್ಚಿಕೊಂಡಳು.

ಎಂಟನೇ ತಾರೀಖು ಮಧ್ಯಾಹ್ನ ನಮಾಜು ಮುಗಿಸಿ ಸ್ವಲ್ಪ ಅಡ್ಡಾದೆ. ಎದ್ದು ನೋಡಿದರೆ ಲತೀಫಾ ಇಲ್ಲ, ಚಪ್ಪಲಿ ಇಲ್ಲ, ಗೋಡೆಗೆ ತೂಗುಹಾಕಿದ್ದ ಬುರ್ಖಾ ಇಲ್ಲ. ಹೆಸರು ಹೇಳಲು ಬಾರದವಳು, ದಾರಿ ಕೇಳಲು ಬಾರದವಳು. ನಾನು ಒಂದು ಕಡೆ, ತಹಮೀನಾ ಒಂದು ಕಡೆ ಮಾನ್ವಿಯ ಓಣಿ ಓಣಿ ತಿರುಗಿದೆವು. ಎರಡು ತಾಸಾದ ಮೇಲೆ ತಹಮೀನಾಳ ಫೋನ್ ಬಡಿಯಿತು. ಆಂಜನೇಯ. ಅವನ ದನಿ ಎಷ್ಟು ದೊಡ್ಡದೆಂದರೆ ನನಗೂ ಕೇಳಿಸಿತು. "ಯವ್ವಾ, ಅಮ್ಮಾರು ನಮ್ಮ ಕೊಟ್ಟಿಗ್ಯಾಗ ಅದಾರ. ಅಂಜಬ್ಯಾಡ್ರಿ, ಆರಾಮ ಅದಾರ. ನನಗ ಒಂದ ಸಮ ಬೈಯಾಕತ್ತಾರ!"

ಬಸ್ಸಿನಲ್ಲಿ ನಡೆದದ್ದು ಆಮೇಲೆ ಗೊತ್ತಾಯಿತು. ಕಂಡಕ್ಟರ್ ಆಂಜನೇಯನ ಷಡ್ಡಕನೇ. "ಎಲ್ಲಿಗ್ರೀ ಅಮ್ಮಾ?" ಎಂದನಂತೆ. ನಕ್ಕೋ. "ಸಿರವಾರಕ್ಕೇನ್ರೀ?" ನಕ್ಕೋ. "ಮತ್ತ ದೇವದುರ್ಗಕ್ಕೇನು?" ನಕ್ಕೋ. ಅವನು ತಲೆ ಕೆರೆದುಕೊಳ್ಳುವಾಗ ಲತೀಫಾ ಆಧಾರ್ ಕಾರ್ಡ್ ತೆಗೆದು, ವಿಳಾಸದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕುಟ್ಟಿದಳಂತೆ. "ಹಾಂ, ದೇವದುರ್ಗ! ಕುಂದರ್ರಿ" ಎಂದು ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟನಂತೆ. ಹೆಂಗಸರಿಗೆ ಆ ಕಾರ್ಡು ತೋರಿಸಿದರೆ ಬಸ್ಸು ಎಂಬುದು ಅವಳಿಗೆ ನೆನಪಿತ್ತು.

ನಾವು ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ಮುನ್ನಿ ಮುಂಜಾನೆಯಿಂದ ಈಯುವ ಬ್ಯಾನಿ ತಿನ್ನುತ್ತಿದ್ದಳಂತೆ. ಮರಿಯ ಒಂದು ಮುಂಗಾಲು ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ಆಂಜನೇಯನನ್ನು ಹತ್ತಿರಕ್ಕೆ ಬಿಟ್ಟುಕೊಳ್ಳದೆ ಹಾಯುತ್ತಿದ್ದಳಂತೆ. ಲತೀಫಾ ಬಾಗಿಲಲ್ಲಿ ನಿಂತು ನಕ್ಕೋ ಎಂದದ್ದೇ ತಡ, ಮುನ್ನಿ ಬಿಳಿ ಕಿವಿ ನಿಮಿರಿಸಿ, ಕೂಗಿ, ಅವಳ ಕಾಲ ಮೇಲೆ ತಲೆ ಇಟ್ಟು ಮಲಗಿದಳಂತೆ. ಲತೀಫಾ ಎಡಗೈಗೆ ಎಣ್ಣೆ ಹಚ್ಚಿ ಆ ಮಡಚಿದ ಕಾಲನ್ನು ಬಿಡಿಸಿ ಮರಿಯನ್ನು ಎಳೆದಳಂತೆ. ಅದರ ಹಿಂದೆಯೇ ಇನ್ನೊಂದು. ಎರಡೂ ಹೆಣ್ಣು. ನಾನು ಒಳಗೆ ಹೋದಾಗ ನನ್ನ ಹೆಂಡತಿ ರಕ್ತ, ಹುಲ್ಲು ಮೆತ್ತಿದ ಕೈಯಲ್ಲಿ ಮರಿ ಹಿಡಿದುಕೊಂಡು ರಾಣಿಯಂತೆ ಕೂತಿದ್ದಳು. ಬೈಯಬೇಕೆಂದು ಬಂದವನು ಗಳಗಳ ಅತ್ತುಬಿಟ್ಟೆ.

ಆಮೇಲೆ ಮಾನ್ವಿಯ ಡಬ್ಬಿ ತರಿಸಿ ಬೀಜ ಎಣಿಸಿದೆ. ನೂರಾ ಎರಡು. ನಾವು ಮಾನ್ವಿಗೆ ಹೋದದ್ದು ಮಾರ್ಚ್ ಇಪ್ಪತ್ತೆಂಟಕ್ಕೆ. ಇಲ್ಲಿ ಅಡುಗೆಮನೆಯ ಮಾಡದಲ್ಲಿ ಇನ್ನೊಂದು ಡಬ್ಬಿ ಸಿಕ್ಕಿತು. ಅದರಲ್ಲಿ ನಲವತ್ತಾರು. ಎರಡೂ ಕೂಡಿದರೆ ಮುನ್ನಿಯನ್ನು ಹೋತದ ಹತ್ತಿರ ಬಿಟ್ಟ ದಿನದಿಂದ ಸರಿಯಾದ ಲೆಕ್ಕ. ಆಡು ಈಯುವುದು ಐದು ತಿಂಗಳಿಗೆ. ಮೂವತ್ತು ವರ್ಷದಿಂದ ಪ್ರತಿ ಆಡಿಗೂ ಹೀಗೆ ಬೀಜ ಹಾಕುತ್ತಿದ್ದಳೆಂದು ತಹಮೀನಾ ಈಗ ನೆನಪು ಮಾಡಿಕೊಂಡಳು. ನನಗೆ ಗೊತ್ತೇ ಇರಲಿಲ್ಲ.

ಮಾತಿಲ್ಲದವಳ ಮನಸ್ಸಿನಲ್ಲಿ ಇನ್ನೂ ಬಾರದ ದಿನವೊಂದು ನಿಂತಿತ್ತು, ಕಣ್ಣಿಗೆ ಕಾಣದ ಆಡೊಂದು ನಿಂತಿತ್ತು. ನಾನು ಹೆಂಡತಿಯನ್ನೂ ಆಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಹಾಕಿದರೆ ಅವಳು ಬಿಡುವುದಿಲ್ಲ. ಆದರೆ ನಿನ್ನ ನಿಯಮ ಒಬ್ಬಳ ಮನಸ್ಸನ್ನು ಒರೆಸಿದರೆ ಇನ್ನೊಬ್ಬಳದನ್ನೂ ಒರೆಸುತ್ತದೆ. ಇನ್ನು ನನ್ನ ಪ್ರಶ್ನೆ. ಆ ನೂರು ದಿನ ಲತೀಫಾ ಮುನ್ನಿಯ ಮನಸ್ಸಿನಲ್ಲಿ ಇದ್ದಳೋ, ಇಲ್ಲ ಬಾಗಿಲಲ್ಲಿ ದನಿ ಕೇಳಿದ ಕ್ಷಣಕ್ಕೆ ಹುಟ್ಟಿದಳೋ?

ಅಮೀರ್ ಸಾಬ್


ರಾಯಚೂರು
22 ಜುಲೈ 2025

ಪೂಜ್ಯ ಗುರುಗಳಿಗೆ,

ನಿಮ್ಮ ಪತ್ರ ಓದಿ ಅತ್ತೆ. ಎರಡು ಮರಿ ಎಂಬಲ್ಲಿಗೆ ಬಂದಾಗ ಮೂರನೇ ಅಂತಸ್ತಿನಿಂದ ಕೂಗಿದೆ, ಕೆಳಗಿನ ಬಳೆ ಅಂಗಡಿಯ ಸೈಫುದ್ದೀನ್ ಚಾಚಾ ಏನಾಯಿತೆಂದು ಓಡಿಬಂದರು. ಅಪ್ಪ ಪೂರ್ತಿ ಕೇಳಿ ಹೇಳಿದರು: "ನಿನ್ನ ಪಿಎಚ್‌ಡಿ ಇರಲಿ, ಮೊದ್ಲು ಆಕಿಗೆ ಕೊಡ್ಸು."

ಈಗ ನನ್ನ ತಪ್ಪೊಪ್ಪಿಗೆ. ಮಾರ್ಚ್‌ನಲ್ಲಿ ಬರೆದ ಆ ಸಾಲುಗಳು ನನ್ನವಲ್ಲ. ನನ್ನ ಮೂರನೆಯ ಅಧ್ಯಾಯದ ಅಂಚಿನಲ್ಲಿ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಬರೆದ ಮಾತುಗಳು. ಅಕ್ಷರ ಬಿಡದೆ ನಕಲು ಮಾಡಿ ನಿಮಗೆ ಕಳಿಸಿದ್ದೆ. ನನಗೆ ಉತ್ತರ ಹೊಳೆದಿರಲಿಲ್ಲ. ಬಗೆಹರಿಯದ ಲೆಕ್ಕವನ್ನು ಸಣ್ಣವಳಿದ್ದಾಗ ನಿಮ್ಮ ಮೇಜಿನ ಮೇಲೆ ಇಟ್ಟು ಓಡುತ್ತಿದ್ದೆನಲ್ಲ, ಹಾಗೆ ಇಟ್ಟು ಓಡಿದೆ. ನೀವು ಅದನ್ನು ಹೊಡೆದುಹಾಕುತ್ತೀರಿ ಎಂದು ಕಾದೆ. ನೀವು ಅದೇ ನನ್ನ ಮನಸ್ಸು ಎಂದುಕೊಂಡಿರಿ. ಏಪ್ರಿಲ್‌ನಲ್ಲಿ 'ಇಲ್ಲಿ ಎಲ್ಲ ಚೆನ್ನಾಗಿದೆ' ಎಂದದ್ದೂ ಸುಳ್ಳು. ಮಾರ್ಚ್‌ನಿಂದ ಆ ಕಡತವನ್ನು ಬಿಚ್ಚಿಯೇ ಇರಲಿಲ್ಲ. ನಿನ್ನೆ ಬಿಚ್ಚಿದೆ.

ನಿಮ್ಮ ಪ್ರಶ್ನೆಗೆ ಪ್ರಾಮಾಣಿಕವಾಗಿ ಹೇಳುತ್ತೇನೆ. ಗುರುತು ಹಿಡಿಯುವುದು ಬೇರೆ, ನೆನೆಯುವುದು ಬೇರೆ. ಮುನ್ನಿ ಗುರುತು ಹಿಡಿದಳೆಂಬುದು ಖಂಡಿತ. ನೂರು ದಿನ ನೆನೆದಳೋ ಇಲ್ಲವೋ, ಅದು ಇದರಿಂದ ತಿಳಿಯದು. ಚಾಚಿ ಮೊದಲು ಮಾತು ಬಲ್ಲವರು, ಮುನ್ನಿಗೆ ಮಾತು ಎಂದೂ ಇರಲಿಲ್ಲ. ಹಾಗಾಗಿ ಚಾಚಿಯನ್ನು ತೋರಿಸಿ ಮುನ್ನಿಯನ್ನು ಗೆಲ್ಲಿಸಲಾರೆ. ಆದರೆ ಜಾಲಿಕಾಯಿಯ ಪರೀಕ್ಷೆ ಮುನ್ನಿಯದೇ. ಅದರ ಮೇಲೆ ನಿಲ್ಲುತ್ತೇನೆ. ಆಗಸ್ಟ್ ಎರಡಕ್ಕೆ ನನ್ನ ವಿಚಾರ ಸಂಕಿರಣ. ನಿಮ್ಮ ಸಹಾಯಕರ ಹೆಸರು ಹಾಕಲು ಅಪ್ಪಣೆ ಕೊಡಿಸಿ.

ಮೌನೇಶ್ವರಿ


ದೇವದುರ್ಗ
28 ಜುಲೈ 2025

ಚಿ. ಮೌನೇಶ್ವರಿಗೆ,

ಕೆಂಪು ಶಾಯಿಯನ್ನು ನೀಲಿಯಲ್ಲಿ ನಕಲು ಮಾಡಿದರೆ ಮಾಸ್ತರನಿಗೆ ಹೇಗೆ ತಿಳಿಯಬೇಕು? ಇನ್ನು ಮುಂದೆ ಬೇರೆಯವರ ಮಾತಿಗೆ ಉದ್ಧರಣ ಚಿಹ್ನೆ ಹಾಕು. ಅದನ್ನೂ ನಾನೇ ಕಲಿಸಿದ್ದೆ.

ಅಪ್ಪಣೆ ಕೇಳಿದೆ. ಎಂದಿನ ಉತ್ತರವೇ ಬಂತು. ಆದರೆ ಹೇಳಿದವಳು ಎದ್ದು ಹೋಗಿ ಟ್ರಂಕಿನಿಂದ ಹೊಸ ಸೀರೆ ತೆಗೆದು ಹೊರಗಿಟ್ಟಳು. ಹೆಸರು ಹಾಕು.

ಅಮೀರ್ ಸಾಬ್


ರಾಯಚೂರು
4 ಆಗಸ್ಟ್ 2025

ಪೂಜ್ಯ ಗುರುಗಳಿಗೆ,

ಮುಗಿಯಿತು! ಮೊದಲ ಹಾಳೆಯಲ್ಲೇ ಬರೆದೆ: 'ಪರೀಕ್ಷೆ ನಡೆಸಿದವರು ಲತೀಫಾ ಮತ್ತು ಅಮೀರ್ ಸಾಬ್, ದೇವದುರ್ಗ.' ಮುನ್ನಿ ಹೊಟ್ಟು ಬಿಟ್ಟು ನಿಮ್ಮ ಜೇಬು ಹುಡುಕಿದ ಕಡೆ ಇಡೀ ಸಭೆ ನಕ್ಕಿತು. ಮಾರ್ಗದರ್ಶಕರು ಮಾತ್ರ ನಗಲಿಲ್ಲ.

ಕೊನೆಗೆ ಕೇಳಿದರು: "ಹೊಟ್ಟು ನೋಡಿದಾಗ ಆ ಆಡಿಗೆ ಏನನಿಸಿತು? ಒಂದು ವಾಕ್ಯದಲ್ಲಿ ಹೇಳಿ ನೋಡೋಣ."

ನಾನು ಹೇಳಿದೆ: "ಹೇಳಲಿಕ್ಕೆ ಆಗೋದಿಲ್ಲ ಸರ್. ಅದು ನನ್ನ ವಾಕ್ಯದ ಬಡತನ, ಆಡಿನ ಮನಸ್ಸಿನದಲ್ಲ. ಒಳಗ ಏನದ ಅನ್ನೋದು ನನಗ ಗೊತ್ತಿಲ್ಲ. ಒಳಗ ಜಾಲಿಕಾಯಿ ಇರಲಿಲ್ಲ ಅಂದ್ರ, ಆಕಿ ಹುಡುಕಿದ್ದು ಏನನ್ನ?"

ಅವರು ಚಷ್ಮಾ ತೆಗೆದು ಒರೆಸುತ್ತ, "ದಸರಾದೊಳಗೆ ಅಧ್ಯಾಯ ಕೊಡಿ" ಎಂದರು. ಮುನ್ನಿ ಈದ ಸುದ್ದಿಯನ್ನೂ ಸಭೆಯಲ್ಲಿ ಹೇಳಿದ್ದೆ. ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ನಿಲ್ಲಿಸಿ ಮೆಲ್ಲಗೆ ಕೇಳಿದರು: "ಆ ಮರಿಗಳಲ್ಲಿ ಒಂದು ಕೊಡ್ತಾರೇನು?"

ಬರುವ ಭಾನುವಾರ ಅಪ್ಪನನ್ನು ಕರೆದುಕೊಂಡು ದೇವದುರ್ಗಕ್ಕೆ ಬರುತ್ತೇನೆ. ಚಾಚಿಗೆ ಹೇಳಿ.

ಮೌನೇಶ್ವರಿ


ದೇವದುರ್ಗ
12 ಆಗಸ್ಟ್ 2025

ಚಿ. ಮೌನೇಶ್ವರಿಗೆ ಆಶೀರ್ವಾದಗಳು.

ನೀವು ಮನೆ ಮುಟ್ಟಿದ ಸುದ್ದಿ ತಹಮೀನಾಳ ಫೋನಿಗೆ ಬಂತು. ನಿನ್ನ ಅಪ್ಪ ಬಹಳ ಒಳ್ಳೆಯ ಮನುಷ್ಯ. ನನ್ನ ಕಿವುಡು ಗೊತ್ತಿದ್ದೂ ಮೂರು ತಾಸು ನನ್ನೊಡನೆ ಮಾತಾಡಿದರು. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಏನೇನು ಒಪ್ಪಿಕೊಂಡಿದ್ದೇನೆಂದು ಕೇಳಿ ತಿಳಿಸು.

ನೀನು ಚಾಚಿಯ ಪಕ್ಕದಲ್ಲಿ ಕಟ್ಟೆ ಮೇಲೆ ಕೂತು, ಒಂದೇ ಒಂದು ಮಾತು ಆಡದೆ ಅಷ್ಟು ಹೊತ್ತು ಮರಿಗಳನ್ನು ನೋಡುತ್ತಿದ್ದೆಯಲ್ಲ, ಅದು ನನ್ನ ಕಣ್ಣಿಗೆ ಕಟ್ಟಿದೆ.

ನಿನ್ನೆ ಮುಂಜಾನೆ ಲತೀಫಾ ಚಹಾ ಸೋಸಿದಳು. ಕಪ್ಪು ಮೂರು. ಒಂದನ್ನು ಕಟ್ಟೆಯ ಮೇಲೆ ನೀನು ಕೂತಿದ್ದ ಕಡೆ ಇಟ್ಟಳು. ನಾನು ಅವಳಿಗೆ ತಿಳಿಯುವಂತೆ ನಿಧಾನವಾಗಿ, "ಮೌನೇಶ್ವರಿ ರಾಯಚೂರಿಗೆ ಹೋದಳು" ಎಂದೆ. ದಡ್ಡ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದಳು. ತನ್ನ ಕಪ್ಪು ಮುಗಿಸಿ, ನಿನ್ನದರಲ್ಲಿ ಅರ್ಧ ಕುಡಿದು, ಉಳಿದರ್ಧ ನನ್ನ ಕಡೆ ಸರಿಸಿದಳು.

ನಿನ್ನನ್ನು ನೆನೆದು ಇಟ್ಟಳೋ, ಇನ್ನಷ್ಟು ಚಹಾ ಬೇಕಾಗಿ ಇಟ್ಟಳೋ ನನಗೆ ತಿಳಿಯಲಿಲ್ಲ. ಕೇಳಲೂ ಹೋಗಲಿಲ್ಲ. ಇಬ್ಬರೂ ರಸ್ತೆ ನೋಡುತ್ತ ಕೂತೆವು. ಶುಂಠಿ ಹಾಕಿದ್ದಳು, ಚಹಾ ಬಹಳ ಚೆನ್ನಾಗಿತ್ತು.

ಅಮೀರ್ ಸಾಬ್